ಹಾರುವ ಹಕ್ಕಿಯ ಚಿತ್ರ ಮಸುಕಾಗುವುದು ಎಲ್ಲಿ, ಶಾರ್ಪನಿಂಗ್ ಬೇಕಾಗುವುದು ಎಷ್ಟು?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರದವನು. ರಜೆ ಸಿಕ್ಕಾಗ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೂ, ಕೆಲಸದ ಮೇಲೆ ಕಲಬುರಗಿಗೆ ಬಂದಾಗ ಅಪ್ಪನ ಕೆರೆಗೂ ಹೋಗಿ ಹಕ್ಕಿಗಳ ಚಿತ್ರ ತೆಗೆಯುತ್ತೇನೆ. 24 ಮೆಗಾಪಿಕ್ಸೆಲ್‌ನ ಎಪಿಎಸ್‌-ಸಿ (ಒಂದು ಸೆನ್ಸರ್ ಗಾತ್ರದ ಹೆಸರು) ಕ್ಯಾಮೆರಾ ಮತ್ತು 100–400 ಮಿ.ಮೀ. ಲೆನ್ಸ್ ಇದೆ. ಕುಳಿತ ಹಕ್ಕಿ ಚೆನ್ನಾಗಿ ಬರುತ್ತದೆ, ಹಾರುವ ಹಕ್ಕಿ ಮಾತ್ರ ಮಸುಕಾಗಿಯೇ ಬರುತ್ತದೆ. ಕಂಪ್ಯೂಟರಿನಲ್ಲಿ ಶಾರ್ಪನಿಂಗ್ (ಚಿತ್ರದ ಅಂಚುಗಳನ್ನು ಹರಿತಗೊಳಿಸುವುದು) ಹೆಚ್ಚಿಸಿದರೆ ರೆಕ್ಕೆಯ ಸುತ್ತ ಬಿಳಿ ಗೆರೆ ಮೂಡುತ್ತದೆ, ಆಕಾಶವೆಲ್ಲ ರವೆ ರವೆಯಾಗುತ್ತದೆ. ನಾನು ಬೇರೆ ಸಾಫ್ಟ್‌ವೇರ್ ಕೊಳ್ಳಬೇಕೆ, ಬೇರೆ ಲೆನ್ಸ್ ಕೊಳ್ಳಬೇಕೆ, ಅಥವಾ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕೆ?

ಉತ್ತರ: ಮೊದಲು ಮಾಡಬೇಕಾದದ್ದು ಇವು ಮೂರೂ ಅಲ್ಲ. ನೀವು ಈಗಾಗಲೇ ತೆಗೆದಿರುವ ಚಿತ್ರಗಳಲ್ಲಿ ಕೆಟ್ಟವೆನಿಸಿದ ಕೆಲವನ್ನು ಶಾರ್ಪನಿಂಗ್ ಮಾಡದೆ, ನೂರಕ್ಕೆ ನೂರು ಗಾತ್ರದಲ್ಲಿ ಪರದೆಯ ಮೇಲೆ ತೆರೆದು ಗಮನವಿಟ್ಟು ನೋಡಿ. ನಾವು ಎಲ್ಲವನ್ನೂ ಸೇರಿಸಿ ‘ಮಸುಕು’ ಎಂದುಬಿಡುತ್ತೇವೆ. ಆದರೆ ಹಾರುವ ಹಕ್ಕಿಯ ಚಿತ್ರದಲ್ಲಿ ಅದು ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿಂದ ಬರುತ್ತದೆ, ಪ್ರತಿಯೊಂದೂ ತನ್ನದೇ ಗುರುತನ್ನು ಚಿತ್ರದ ಮೇಲೆ ಬಿಟ್ಟುಹೋಗುತ್ತದೆ, ಮತ್ತು ಶಾರ್ಪನಿಂಗ್ ಎಂಬ ಮದ್ದು ನಾಟುವುದು ಐದನೆಯದೊಂದಕ್ಕೆ ಮಾತ್ರ: ಎಲ್ಲವೂ ಸರಿಯಾಗಿದ್ದಾಗಲೂ ಡಿಜಿಟಲ್ ಸೆನ್ಸರಿನಲ್ಲಿ ಸಹಜವಾಗಿ ಉಳಿಯುವ ಸಣ್ಣ ಮೃದುತನಕ್ಕೆ.

ಗುರುತುಗಳನ್ನು ಹೇಳುತ್ತೇನೆ. ಹಕ್ಕಿಯ ಕಣ್ಣಿನಲ್ಲಿರುವ ಬೆಳಕಿನ ಚುಕ್ಕೆ ಚುಕ್ಕೆಯಾಗಿ ಉಳಿಯದೆ ಸಣ್ಣ ಗೆರೆಯಾಗಿದ್ದರೆ, ಕೊಕ್ಕಿನ ಮೇಲಂಚು ಮತ್ತು ಕಾಲಿನ ಅಂಚು ಒಂದೇ ದಿಕ್ಕಿನಲ್ಲಿ ಎಳೆದಂತಿದ್ದರೆ, ಅದು ಚಲನೆಯ ಮಸುಕು. ಹಕ್ಕಿಯ ವೇಗಕ್ಕೆ ನಿಮ್ಮ ಕೈ ಹೊಂದಿಕೊಂಡಿಲ್ಲ. ತಲೆ ಮತ್ತು ಮೈ ಸ್ಫುಟವಾಗಿದ್ದು ರೆಕ್ಕೆಯ ತುದಿ ಮಾತ್ರ ಕರಗಿದ್ದರೆ ನಿಮ್ಮ ಕೈ ಸರಿಯಾಗಿಯೇ ಇದೆ, ಶಟರ್ ವೇಗ (ಸೆನ್ಸರಿಗೆ ಬೆಳಕು ಬೀಳುವ ಅವಧಿ ಎಷ್ಟು ಚಿಕ್ಕದು ಎಂಬುದು) ರೆಕ್ಕೆಬಡಿತಕ್ಕೆ ಸಾಲದಾಗಿದೆ. ಇದನ್ನು ನಾನು ದೋಷವೆಂದು ಎಣಿಸುವುದೇ ಇಲ್ಲ, ಎಷ್ಟೋ ಸಲ ಅದರಿಂದಲೇ ಚಿತ್ರಕ್ಕೆ ಜೀವ ಬರುತ್ತದೆ. ಮಸುಕು ಎಲ್ಲ ದಿಕ್ಕಿಗೂ ಸಮನಾಗಿ, ದುಂಡಗೆ ಹರಡಿದ್ದು, ಹಿಂದಿನ ಜಾಲಿ ಗಿಡದ ಮುಳ್ಳೋ ಮುಂದಿನ ರೆಕ್ಕೆಯ ಗರಿಯೋ ಚೊಕ್ಕವಾಗಿ ಕಂಡರೆ ಅದು ಫೋಕಸ್ ತಪ್ಪಿದ್ದು. ಹಕ್ಕಿಯ ಅಂಚುಗಳು ನೀರಿನೊಳಗೆ ನೋಡಿದಂತೆ ಅಲೆ ಅಲೆಯಾಗಿದ್ದು, ಒಂದೇ ಸರಣಿಯ ಹತ್ತು ಚಿತ್ರಗಳಲ್ಲಿ ಮೂರನೆಯದು ಚೆನ್ನಾಗಿ, ನಾಲ್ಕನೆಯದು ಕೆಟ್ಟದಾಗಿ, ಏಳನೆಯದು ಮತ್ತೆ ಚೆನ್ನಾಗಿ ಬಂದಿದ್ದರೆ, ಕ್ಯಾಮೆರಾವನ್ನೂ ಕೈಯನ್ನೂ ದೂರಬೇಡಿ. ಅದು ಬಿಸಿ ಗಾಳಿಯ ಕೆಲಸ. ಬೀದರ್, ಕಲಬುರಗಿ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ಚಿತ್ರಗಳನ್ನು ಕೆಡಿಸುತ್ತದೆ, ಮತ್ತು ಅದರ ಬಗ್ಗೆ ಎಲ್ಲಕ್ಕಿಂತ ಕಡಿಮೆ ಮಾತು ನಡೆಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಚಲನೆಯ ಮಸುಕನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಲೆಕ್ಕ ಕಂಡಮೇಲೆ ಅಭ್ಯಾಸ ತಾನಾಗಿ ಬದಲಾಗುತ್ತದೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲವಿದ್ದು ಅದರಲ್ಲಿ ಅಡ್ಡಲಾಗಿ 6000 ಪಿಕ್ಸೆಲ್‌ಗಳಿವೆ. 400 ಮಿ.ಮೀ.ಗೆ ಹಿಗ್ಗಿಸಿದ ಲೆನ್ಸಿನಲ್ಲಿ 20 ಮೀಟರ್ ದೂರದ ನೋಟ ಕೇವಲ 1.17 ಮೀಟರ್ ಅಗಲವಿರುತ್ತದೆ. ಒಂದು ಗೋವಕ್ಕಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನಿಮ್ಮೆದುರು ಅಡ್ಡ ಹಾರಿತೆಂದುಕೊಳ್ಳಿ. ಕ್ಯಾಮೆರಾವನ್ನು ಅಲುಗಿಸದೆ ಹಿಡಿದರೆ ಅದರ ಕೊಕ್ಕು ಈ ಚೌಕಟ್ಟನ್ನು ದಾಟಲು ಸೆಕೆಂಡಿನ ಎಂಟನೆಯ ಒಂದು ಭಾಗವೂ ಬೇಕಾಗುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಚುರುಕಾದ ಶಟರ್ ಇಟ್ಟರೂ ಅಷ್ಟರೊಳಗೆ ಹಕ್ಕಿ 1 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಂದರೆ ಚಿತ್ರದಲ್ಲಿ ಸುಮಾರು 50 ಪಿಕ್ಸೆಲ್‌ಗಳ ಎಳೆತ. ಇದನ್ನು ಯಾವ ಸಾಫ್ಟ್‌ವೇರೂ ಮರಳಿ ಕೂಡಿಸಲಾರದು. ಈಗ ಕ್ಯಾಮೆರಾವನ್ನು ಹಕ್ಕಿಯ ಜೊತೆಗೇ ತಿರುಗಿಸುತ್ತಾ ಹೋಗಿ, ಅದರ ವೇಗದ ಹತ್ತರಲ್ಲಿ ಒಂಬತ್ತು ಪಾಲನ್ನು ನಿಮ್ಮ ಕೈ ಹಿಡಿಯಿತು ಎಂದು ಭಾವಿಸೋಣ. ಎಳೆತ 5 ಪಿಕ್ಸೆಲ್‌ಗೆ ಇಳಿಯುತ್ತದೆ. ಅದೇ ಕೈಗೆ 1/3200 ಶಟರ್ ಜೊತೆಯಾದರೆ ಎಳೆತ ಎರಡು ಪಿಕ್ಸೆಲ್‌ಗಿಂತ ಕಡಿಮೆ. ಐವತ್ತರಿಂದ ಐದಕ್ಕೆ ಇಳಿಸಿದ್ದು ಕೈ, ಐದರಿಂದ ಎರಡಕ್ಕೆ ಇಳಿಸಿದ್ದು ಶಟರ್. ಹೀಗಿದ್ದೂ ಹೆಚ್ಚಿನವರು ಶಟರ್ ವೇಗದ ಬಗ್ಗೆಯೇ ಕೇಳುತ್ತಾರೆ, ಕೈಯ ಬಗ್ಗೆ ಕೇಳುವವರು ಅಪರೂಪ.

ಆದ್ದರಿಂದ ಅಭ್ಯಾಸವನ್ನು ಕೈಯಿಂದಲೇ ಆರಂಭಿಸಿ. ಕಾಲುಗಳನ್ನು ಭುಜದಗಲ ಊರಿ, ಹಕ್ಕಿ ಎಲ್ಲಿಗೆ ಬಂದಾಗ ಕ್ಲಿಕ್ಕಿಸಬೇಕೆಂದಿದ್ದೀರೋ ಆ ಕಡೆಗೆ ಪಾದ ಮತ್ತು ಸೊಂಟವನ್ನು ಮೊದಲೇ ತಿರುಗಿಸಿಟ್ಟುಕೊಳ್ಳಿ. ಹಕ್ಕಿ ದೂರವಿರುವಾಗ ಮೈಯನ್ನು ಹಿಂದಕ್ಕೆ ತಿರುಚಿ ಅದನ್ನು ಫ್ರೇಮಿಗೆ ತೆಗೆದುಕೊಂಡು, ಅದು ಹತ್ತಿರ ಬಂದಂತೆ ತಿರುಚು ಬಿಚ್ಚುತ್ತಾ ಬನ್ನಿ. ತಿರುವು ಸೊಂಟದಿಂದ ಬರಬೇಕು, ಮೊಣಕೈ ಪಕ್ಕೆಗೆ ತಾಗಿರಬೇಕು, ಎಡಗೈ ಲೆನ್ಸಿನ ಮುಂಭಾಗವನ್ನು ಕೆಳಗಿನಿಂದ ಹೊತ್ತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗುಂಡಿ ಒತ್ತಿದ ತಕ್ಷಣ ಕೈ ನಿಲ್ಲಬಾರದು. ಹೊಸಬರ ಚಿತ್ರಸರಣಿಯಲ್ಲಿ ಮೊದಲ ಚಿತ್ರವೇ ಹೆಚ್ಚು ಮಸುಕಾಗಿರುವುದಕ್ಕೆ ಕಾರಣ, ಒತ್ತುವ ಕ್ಷಣದಲ್ಲಿ ಅವರ ಕೈ ಅರಿಯದೆ ತಡೆದು ನಿಲ್ಲುವುದು. ಹಕ್ಕಿ ಫ್ರೇಮಿಗೆ ಸಿಕ್ಕುವುದೇ ಇಲ್ಲವೆನ್ನುವವರು ಲೆನ್ಸನ್ನು 200 ಮಿ.ಮೀ.ಗೆ ಇಳಿಸಿ ಹುಡುಕಿ, ಸಿಕ್ಕಮೇಲೆ 400ಕ್ಕೆ ಹಿಗ್ಗಿಸುವುದು ಒಳ್ಳೆಯದು. ಎರಡೂ ಕಣ್ಣು ತೆರೆದಿಟ್ಟು ನೋಡುವುದು ಮೊದಲು ಕಷ್ಟವೆನಿಸಿದರೂ ರೂಢಿಯಾದ ಮೇಲೆ ಅದಿಲ್ಲದೆ ಹಕ್ಕಿಯನ್ನು ಹಿಡಿಯುವುದೇ ಅಸಾಧ್ಯವೆನಿಸುತ್ತದೆ. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆಯಿದ್ದರೆ ಅದನ್ನು ಪ್ಯಾನಿಂಗ್‌ಗೆ (ಹೀಗೆ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವುದಕ್ಕೆ) ಮೀಸಲಾದ ವಿಧಾನಕ್ಕೆ ಇಡಿ, ಅಂಥದ್ದಿಲ್ಲದಿದ್ದರೆ ಆರಿಸಿಬಿಡಿ. 1/2000ಕ್ಕಿಂತ ಚುರುಕಾದ ಶಟರ್‌ನಲ್ಲಿ ಅದರ ನೆರವು ಅಷ್ಟಾಗಿ ಬೇಕಾಗುವುದಿಲ್ಲ, ತಪ್ಪು ವಿಧಾನದಲ್ಲಿದ್ದರೆ ಮಾತ್ರ ನಿಮ್ಮ ತಿರುವಿಗೆ ಎದುರಾಗಿ ಕೆಲಸ ಮಾಡುತ್ತದೆ.

ಯಾವ ಹಕ್ಕಿಯಿಂದ ಕಲಿಯಬೇಕು ಎಂಬುದೂ ಮುಖ್ಯ. ಮಿಂಚುಳ್ಳಿಯ ನೆಗೆತದಿಂದ, ಕವಲುತೋಕೆಯ ಓಡಾಟದಿಂದ ಆರಂಭಿಸಿದವರು ಬೇಗ ಬೇಸತ್ತು ಬಿಟ್ಟುಬಿಡುತ್ತಾರೆ. ಊರ ಮೇಲೆ ಸುತ್ತುವ ಹದ್ದು ಅತ್ಯುತ್ತಮ ಗುರು: ನಿಧಾನ, ದೊಡ್ಡದು, ದಿನವೂ ಸಿಗುತ್ತದೆ, ಬಯಲು ಆಕಾಶದಲ್ಲಿರುವುದರಿಂದ ಫೋಕಸ್ ಎಡವುವುದಿಲ್ಲ. ಅದು ಒಗ್ಗಿದ ಮೇಲೆ ಹೊಲ ಹರಗುವಾಗ ಟ್ರ್ಯಾಕ್ಟರಿನ ಹಿಂದೆ ಬೀಳುವ ಗೋವಕ್ಕಿಗಳಿಗೆ ಬನ್ನಿ. ಅವು ಎದ್ದು ಹತ್ತು ಹೆಜ್ಜೆ ದೂರಕ್ಕೆ ಹಾರಿ ಮತ್ತೆ ಇಳಿಯುವುದರಿಂದ, ಏರುವ, ಹಾರುವ, ಇಳಿಯುವ ಮೂರೂ ಭಂಗಿಗಳ ಅಭ್ಯಾಸ ಒಂದೇ ಹೊಲದಲ್ಲಿ ಆಗುತ್ತದೆ. ಬೋನಾಳದ ಬಣ್ಣದ ಕೊಕ್ಕರೆಗೆ 1/1250 ಸಾಕು, ಗೋವಕ್ಕಿಗೆ 1/2000, ರೀವಕ್ಕಿಗಳಿಗೆ (ಟರ್ನ್) 1/2500, ಕಳ್ಳಿಪೀರ ಮತ್ತು ಕವಲುತೋಕೆಗೆ 1/4000 ಬೇಕಾಗುತ್ತದೆ. ರಾಮದಾಸ ಹದ್ದು ಮತ್ತು ಕಪ್ಪು ಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವುದರಿಂದ ಅವುಗಳ ಮಟ್ಟಿಗೆ ಕೈಯ ಕೆಲಸ ಕಡಿಮೆ, ಶಟರ್‌ನ ಕೆಲಸ ಹೆಚ್ಚು.

ಇಷ್ಟು ಚುರುಕಾದ ಶಟರ್‌ಗೆ ಬೆಳಕು ಎಲ್ಲಿಂದ ಎಂದು ಹಿಂಜರಿಯುವವರಿಗೆ ಹಳೆಯ ಫಿಲ್ಮ್ ಕಾಲದ ಒಂದು ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: ತಿಳಿಯಾದ ಬಿಸಿಲಿನಲ್ಲಿ, ಲೆನ್ಸಿನ ಬೆಳಕಿನ ಕಿಂಡಿ ಎಫ್ 16ರಲ್ಲಿದ್ದಾಗ, ಶಟರ್ ವೇಗ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) ಸಂಖ್ಯೆಗೆ ಸರಿಯಾಗಿರಬೇಕು, ಅಂದರೆ ಐಎಸ್‌ಒ 400ಕ್ಕೆ 1/400. ಎಫ್ 16ರಿಂದ ಎಫ್ 5.6ಕ್ಕೆ ಬಂದರೆ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ), ಅಂದರೆ ಎಂಟು ಪಟ್ಟು ಬೆಳಕು. ಹಾಗಾಗಿ ಐಎಸ್‌ಒ 400ರಲ್ಲಿ 1/3200 ಸಿಗುತ್ತದೆ. ಕಲಬುರಗಿಯ ಬಿಸಿಲಿಗೆ ಬೆಳಕಿನ ಬಡತನವಿಲ್ಲ. ಚಳಿಗಾಲದ ಬೆಳಗಿನಲ್ಲಿ ಸೂರ್ಯ ಇನ್ನೂ ಓರೆಯಾಗಿರುವಾಗ ಐಎಸ್‌ಒ 800 ಅಥವಾ 1600ಕ್ಕೆ ಏರಬೇಕಾಗುತ್ತದೆ, ಏರಿ. ಐಎಸ್‌ಒ ಹೆಚ್ಚಿದ್ದರಿಂದ ಬಂದ ರವೆಯನ್ನು ಮನೆಗೆ ಬಂದು ತೆಗೆಯಬಹುದು, ಶಟರ್ ತಗ್ಗಿಸಿ ತಂದ ಎಳೆತವನ್ನು ತೆಗೆಯಲಾಗದು.

ಎಕ್ಸ್‌ಪೋಷರನ್ನು (ಚಿತ್ರಕ್ಕೆ ಕೊಡುವ ಬೆಳಕಿನ ಪ್ರಮಾಣವನ್ನು) ಮ್ಯಾನ್ಯುಯಲ್‌ನಲ್ಲಿ ಕಟ್ಟಿಡುವುದು ಹಾರುವ ಹಕ್ಕಿಗೆ ಹೆಚ್ಚು ಸೂಕ್ತ. ಬೆಳ್ಳಕ್ಕಿಯೊಂದು ಮೊದಲು ಕಪ್ಪು ಎರೆಹೊಲದ ಮುಂದೆ, ಆಮೇಲೆ ನೀರಿನ ಮುಂದೆ, ಕೊನೆಗೆ ಆಕಾಶದ ಮುಂದೆ ಹಾರುತ್ತದೆ. ಅದರ ಮೈಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗುವುದಿಲ್ಲ. ಕ್ಯಾಮೆರಾದ ಮೀಟರ್ ಹಿನ್ನೆಲೆಯನ್ನು ನೋಡಿ ಲೆಕ್ಕ ಬದಲಿಸುತ್ತಾ ಹೋಗುವುದರಿಂದ, ಎರೆಹೊಲದ ಮುಂದೆ ಬೆಳ್ಳಕ್ಕಿ ಸುಣ್ಣದ ಉಂಡೆಯಂತಾಗಿ ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಹೀಗೆ ಸುಟ್ಟುಹೋದ ಬಿಳುಪಿನಲ್ಲಿ ಶಾರ್ಪನಿಂಗ್‌ಗೆ ಹಿಡಿಯಲು ಅಂಚೇ ಇರುವುದಿಲ್ಲ. ‘ಮಸುಕು’ ಎಂದು ದೂರುವ ಎಷ್ಟೋ ಬೆಳ್ಳಕ್ಕಿ ಚಿತ್ರಗಳಲ್ಲಿ ನಿಜವಾದ ದೋಷ ಇದೇ ಆಗಿರುತ್ತದೆ. ಬಿಳಿ ಹಕ್ಕಿಗೆ ಮೇಲಿನ ಸೂತ್ರಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಬೆಳಕು ಕೊಟ್ಟು, ಹಿಸ್ಟೋಗ್ರಾಂನ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಬಲತುದಿ ಗೋಡೆಗೆ ತಾಗದಂತೆ ನೋಡಿಕೊಳ್ಳಿ. ಆಕಾಶದೆದುರಿನ ಹದ್ದಿಗೆ ಇದರ ತದ್ವಿರುದ್ಧ: ಒಂದು ಸ್ಟಾಪ್‌ಗಿಂತ ಹೆಚ್ಚೇ ಕೊಡದಿದ್ದರೆ ರೆಕ್ಕೆಯ ಅಡಿಭಾಗ ಬರೀ ನೆರಳಾಗಿ ಉಳಿಯುತ್ತದೆ, ಆ ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಿದಾಗ ರವೆಯೂ ಜೊತೆಗೇ ಎದ್ದು ಬರುತ್ತದೆ.

ಫೋಕಸ್ ವಿಚಾರದಲ್ಲಿ ಒಂದು ಸಂಖ್ಯೆ ನೆನಪಿರಲಿ. 400 ಮಿ.ಮೀ., ಎಫ್ 5.6, 20 ಮೀಟರ್ ದೂರದಲ್ಲಿ ನಿಮ್ಮ ಕ್ಯಾಮೆರಾಕ್ಕೆ ಸಿಗುವ ಸ್ಫುಟ ವಲಯದ ಆಳ ಸುಮಾರು 55 ಸೆಂ.ಮೀ.; 10 ಮೀಟರ್‌ನಲ್ಲಿ ಅದು 14 ಸೆಂ.ಮೀ.ಗೆ ಇಳಿಯುತ್ತದೆ. ನೂರಕ್ಕೆ ನೂರು ಗಾತ್ರದಲ್ಲಿ ಪರೀಕ್ಷಿಸುವವರಿಗೆ ಅದರ ಅರ್ಧವೂ ಸಿಗುವುದಿಲ್ಲ. ಬಣ್ಣದ ಕೊಕ್ಕರೆಯ ರೆಕ್ಕೆಯಗಲ ಒಂದೂವರೆ ಮೀಟರ್. ಅದು ನಿಮ್ಮ ಕಡೆಗೆ ಓರೆಯಾಗಿ ಬರುವಾಗ ಹತ್ತಿರದ ರೆಕ್ಕೆಯ ತುದಿಗೆ ಫೋಕಸ್ ಬಿದ್ದರೆ ಕಣ್ಣು ಸ್ಫುಟವಾಗಿ ಬರಲು ಸಾಧ್ಯವೇ ಇಲ್ಲ. ಫೋಕಸನ್ನು ನಿರಂತರ ವಿಧಾನದಲ್ಲಿಡಿ. ಕ್ಯಾನನ್‌ನಲ್ಲಿ ಅದನ್ನು ಎಐ ಸರ್ವೊ ಅಥವಾ ಸರ್ವೊ ಎಂದೂ, ನಿಕಾನ್ ಮತ್ತು ಸೋನಿಗಳಲ್ಲಿ ಎಎಫ್‌-ಸಿ ಎಂದೂ ಕರೆಯುತ್ತಾರೆ. ಬಯಲು ಆಕಾಶದಲ್ಲಿ ಅಗಲವಾದ ವಲಯ ಸಾಕು. ಹಿನ್ನೆಲೆಯಲ್ಲಿ ಆಪು, ಜಾಲಿ, ತೊಗರಿ ಸಾಲು ಇದ್ದಾಗ ನಡುವಿನ ಒಂದು ಬಿಂದು ಮತ್ತು ಅದರ ಸುತ್ತಲಿನ ಕೆಲವನ್ನಷ್ಟೇ ಬಳಸಿ, ಫೋಕಸ್ ಬೇರೆಡೆಗೆ ಜಿಗಿಯುವ ಸಂವೇದನೆಯನ್ನು ಮೆನುವಿನಲ್ಲಿ ತಗ್ಗಿಸಿಡಿ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸುತ್ತವೆ, ಮತ್ತು ಈ ಕಾಲದ ಸುಧಾರಣೆಗಳಲ್ಲಿ ಇದೊಂದು ಮಾತ್ರ ಜಾಹೀರಾತಿನಷ್ಟೇ ಒಳ್ಳೆಯದಾಗಿದೆ. ಆದರೂ ಹಕ್ಕಿ ಫ್ರೇಮಿನಲ್ಲಿ ತೀರ ಚಿಕ್ಕದಿದ್ದಾಗ ಅವೂ ಹುಲ್ಲಿನ ಗರಿಗೆ ಮೋಸಹೋಗುತ್ತವೆ. ಲೆನ್ಸಿನ ಮೇಲೆ ಫೋಕಸ್ ದೂರವನ್ನು ಮಿತಿಗೊಳಿಸುವ ಸ್ವಿಚ್ ಇದ್ದರೆ ಹತ್ತಿರದ ಭಾಗವನ್ನು ಕತ್ತರಿಸಿಬಿಡಿ. ಮಿರರ್‌ಲೆಸ್ ಬಳಸುವವರು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ರೆಕ್ಕೆಗಳು ಬಾಗಿದಂತೆ ಬಂದರೆ ಗಾಬರಿಯಾಗದೆ ಮೆಕ್ಯಾನಿಕಲ್ ಶಟರ್‌ಗೆ ಮರಳಬೇಕು. ಸೆನ್ಸರ್ ಸಾಲು ಸಾಲಾಗಿ ಓದಿಕೊಳ್ಳುವಷ್ಟರಲ್ಲಿ ರೆಕ್ಕೆ ಸರಿದುಹೋಗಿರುತ್ತದೆ, ಅಷ್ಟೇ.

ಈಗ ಬಿಸಿ ಗಾಳಿಗೆ ಬರೋಣ. ನಮ್ಮ ಎರೆಮಣ್ಣು ಕಪ್ಪು. ಬಿಸಿಲು ಬಿದ್ದೊಡನೆ ಅದು ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ತಣ್ಣನೆಯ ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಮತ್ತು ತಣ್ಣನೆಯ ಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ, ಹಕ್ಕಿಯಿಂದ ಹೊರಟ ಬೆಳಕು ನಿಮ್ಮ ಲೆನ್ಸ್ ಮುಟ್ಟುವಷ್ಟರಲ್ಲಿ ಹಲವು ಕಡೆ ಸಣ್ಣಗೆ ತಿರುಗಿರುತ್ತದೆ. ಟಾರು ರಸ್ತೆಯ ಮೇಲೆ ಬಿಸಿಲುಗುದುರೆ ಕಾಣಿಸುವುದು ಇದೇ ಕಾರಣಕ್ಕೆ, ಆದರೆ ಬಿಸಿಲುಗುದುರೆ ಕಣ್ಣಿಗೆ ಕಾಣುವಷ್ಟು ತೀವ್ರವಾಗುವುದಕ್ಕೆ ಬಹಳ ಮೊದಲೇ ಉದ್ದ ಲೆನ್ಸಿನ ಚಿತ್ರ ಕೆಟ್ಟಿರುತ್ತದೆ. ಇದು ಬೇಸಿಗೆಯ ಸಮಸ್ಯೆ ಮಾತ್ರವೆಂದು ತಿಳಿಯಬೇಡಿ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಸುಮಾರಿಗೆ. ಕಟಾವಾದ ಹೊಲದ ಮೇಲೆ ಒಂಬತ್ತೂವರೆಯ ಹೊತ್ತಿಗೆಲ್ಲ 50 ಮೀಟರ್ ಆಚೆಯ ಗರಿಗಳು ಕಲೆಸಿಹೋಗಲು ತೊಡಗುತ್ತವೆ. ತೀರ ಚಳಿಯ ಮುಂಜಾನೆ ಕೆರೆಯ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ನೀರಿನ ಮೇಲೂ ಇದೇ ತೊಂದರೆ ಸ್ವಲ್ಪ ಹೊತ್ತು ಇರುತ್ತದೆ.

ಇದಕ್ಕೆ ಮೊದಲ ಔಷಧ ದೂರ ಕಡಿಮೆ ಮಾಡುವುದು. ಲೆನ್ಸ್ ದೊಡ್ಡದಾದಷ್ಟೂ ಈ ತೊಂದರೆ ದೊಡ್ಡದಾಗಿಯೇ ಕಾಣಿಸುತ್ತದೆ, ಆದ್ದರಿಂದ 600 ಮಿ.ಮೀ. ಲೆನ್ಸ್ ಕೊಂಡರೆ ಅಲೆಗಳೂ ಒಂದೂವರೆ ಪಟ್ಟು ಹಿಗ್ಗುತ್ತವೆ. ನೋಟದ ಗೆರೆ ನೆಲಕ್ಕೆ ಸಮಾನಾಂತರವಾಗಿ ಹೊಲದ ಮೇಲೆ ಹಾದುಹೋಗದಂತೆ ನಿಲ್ಲಿ. ತಲೆಯ ಮೇಲೆ ಹಾರುವ ಹಕ್ಕಿಗೆ ಈ ಕಾಟ ಬಹಳ ಕಡಿಮೆ, ನೆಲದಂಚಿನಲ್ಲಿ ತೇಲುವ ಸೆಳೆವ (ಹ್ಯಾರಿಯರ್) ಹಕ್ಕಿಗೆ ಬಹಳ ಹೆಚ್ಚು. ಕಾರಿನ ಬಾನೆಟ್ಟಿನ ಮೇಲಿನಿಂದ ಚಿತ್ರ ತೆಗೆಯಬೇಡಿ, ಇಂಜಿನ್ನಿನ ಬಿಸಿಯೇ ಸಾಕಾಗುತ್ತದೆ. ಬೆಳಗಿನ ಮೊದಲ ಎರಡು ತಾಸು, ಮೋಡ ಕವಿದ ದಿನ, ಮಳೆ ನಿಂತ ಮರುದಿನ ಇವೇ ನಮ್ಮ ಒಳ್ಳೆಯ ಹೊತ್ತುಗಳು. ನಿಮ್ಮ ಕುಳಿತ ಹಕ್ಕಿಗಳು ಸ್ಫುಟವಾಗಿ ಬರುತ್ತವೆ ಎಂದಿದ್ದೀರಿ. ಅವನ್ನು ಎಷ್ಟು ಗಂಟೆಗೆ, ಎಷ್ಟು ದೂರದಿಂದ ತೆಗೆದಿರಿ, ಹಾರುವವನ್ನು ಎಷ್ಟು ಗಂಟೆಗೆ ತೆಗೆದಿರಿ ಎಂದು ಫೈಲಿನ ಮಾಹಿತಿಯಲ್ಲಿ ಹೋಲಿಸಿ ನೋಡಿ. ಉತ್ತರದ ಅರ್ಧ ಭಾಗ ಅಲ್ಲೇ ಸಿಗುವ ಸಂಭವವಿದೆ.

ನಿಲ್ಲುವ ಜಾಗವನ್ನು ಗಾಳಿ ಮತ್ತು ಸೂರ್ಯ ಸೇರಿ ನಿರ್ಧರಿಸುತ್ತವೆ. ಹಕ್ಕಿಗಳು ಗಾಳಿಗೆ ಎದುರಾಗಿ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ನಮ್ಮ ಭಾಗದಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಬೆಳಿಗ್ಗೆ ಕೆರೆಯ ಪೂರ್ವ ದಂಡೆಯಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಗಾಳಿಯೂ ಬೆನ್ನ ಹಿಂದೆಯೇ ಇರುವುದರಿಂದ, ಏಳುವ ಹಕ್ಕಿ ಮುಖದ ಮೇಲೆ ಬೆಳಕು ಹೊತ್ತು ನಿಮ್ಮ ಕಡೆಗೇ ಬರುತ್ತದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮಕ್ಕೆ ತಿರುಗುತ್ತದೆ. ಆಗ ಅದೇ ದಂಡೆಯಲ್ಲಿ ಬೆಳಿಗ್ಗೆ ನಿಂತವರಿಗೆ ಹಕ್ಕಿಗಳ ಬೆನ್ನು ಮಾತ್ರ ಸಿಗುತ್ತದೆ. ಸಂಜೆ ಪಶ್ಚಿಮದ ದಂಡೆಗೆ ಹೋಗುವುದೇ ಸರಿ. ಬೀದರಿನ ಕಾರಂಜಾ, ಯಾದಗಿರಿಯ ನಾರಾಯಣಪುರ, ಚಿಂಚೋಳಿಯ ಚಂದ್ರಂಪಳ್ಳಿ, ಎಲ್ಲಿಗೆ ಹೋದರೂ ಮೊದಲು ಗಾಳಿಯ ದಿಕ್ಕನ್ನು ನೋಡಿ ಆಮೇಲೆ ಜಾಗ ಆರಿಸಿ. ಕಲ್ಲೆಸೆದೋ ಚಪ್ಪಾಳೆ ತಟ್ಟಿಯೋ ಹಿಂಡನ್ನು ಎಬ್ಬಿಸುವವರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತನ್ನು ಬೆದರಿಸಿ ಎಬ್ಬಿಸಿದರೆ ಅದು ಹೇಗೂ ನಿಮ್ಮಿಂದ ದೂರಕ್ಕೇ ಹಾರುತ್ತದೆ, ಸಿಗುವುದು ಹಿಂಭಾಗದ ಚಿತ್ರವೇ.

ಇನ್ನು ನೀವು ಕೇಳಿದ ಶಾರ್ಪನಿಂಗ್. ಸೆನ್ಸರಿನ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ, ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಊಹಿಸಲಾಗುತ್ತದೆ. ಈ ಊಹೆಯಿಂದಾಗಿ ಎಲ್ಲ ರಾ ಫೈಲ್‌ಗಳೂ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್‌ಗಳು) ತುಸು ಮೃದುವಾಗಿರುತ್ತವೆ, ಆ ಮೃದುತನವನ್ನು ತಿದ್ದುವುದು ಶಾರ್ಪನಿಂಗ್‌ನ ನ್ಯಾಯವಾದ ಕೆಲಸ. ಅದು ನಡೆಯುವ ರೀತಿ ಹೀಗಿದೆ: ತಂತ್ರಾಂಶವು ನಿಮ್ಮ ಚಿತ್ರದ ಮಸುಕಾದ ಪ್ರತಿಯೊಂದನ್ನು ಮಾಡಿಕೊಂಡು, ಅದನ್ನು ಮೂಲದಿಂದ ಕಳೆಯುತ್ತದೆ, ಉಳಿಯುವುದು ಅಂಚುಗಳು ಮಾತ್ರ, ಅವುಗಳ ಒಂದಂಶವನ್ನು ಮೂಲಕ್ಕೆ ಕೂಡಿಸುತ್ತದೆ. ಕಂಪ್ಯೂಟರ್ ಬರುವ ಮೊದಲು ಕತ್ತಲೆಕೋಣೆಯಲ್ಲಿ ನೆಗೆಟಿವ್‌ನ ಜೊತೆಗೆ ಮಸುಕಾದ ಪಾಸಿಟಿವ್ ಫಿಲ್ಮ್ ಜೋಡಿಸಿ ಇದನ್ನೇ ಮಾಡುತ್ತಿದ್ದರು, ಅನ್‌ಶಾರ್ಪ್ ಮಾಸ್ಕ್ ಎಂಬ ವಿಚಿತ್ರ ಹೆಸರು ಅಲ್ಲಿಂದ ಬಂದದ್ದು. ಇದರಿಂದ ಅಂಚಿನ ಕಪ್ಪು ಬದಿ ಇನ್ನಷ್ಟು ಕಪ್ಪಾಗುತ್ತದೆ, ಬಿಳಿ ಬದಿ ಇನ್ನಷ್ಟು ಬಿಳಿಯಾಗುತ್ತದೆ, ಕಣ್ಣು ಅದನ್ನು ಸ್ಫುಟತೆಯೆಂದು ಓದಿಕೊಳ್ಳುತ್ತದೆ. ಇಲ್ಲದ ಗರಿ ಹುಟ್ಟುವುದಿಲ್ಲ. ನಿಮ್ಮ ಚಿತ್ರದಲ್ಲಿ ರೆಕ್ಕೆಯ ಸುತ್ತ ಮೂಡಿದ ಬಿಳಿ ಗೆರೆ ಎಂದರೆ ಈ ‘ಇನ್ನಷ್ಟು ಬಿಳಿ’ ಅಂಚಿನಾಚೆಗೆ ಹಲವು ಪಿಕ್ಸೆಲ್‌ಗಳವರೆಗೆ ಹರಡಿದೆ ಎಂದರ್ಥ. ರೇಡಿಯಸ್ ಎಂಬ ಅಂಕೆ ದೊಡ್ಡದಾಗಿದೆ.

ಚಿತ್ರ ತಿದ್ದುವ ಲೈಟ್‌ರೂಮ್ ತಂತ್ರಾಂಶ ಬಳಸುವವರ ಲೆಕ್ಕದಲ್ಲಿ ಹೇಳುತ್ತೇನೆ. ಬೇರೆ ತಂತ್ರಾಂಶಗಳಲ್ಲೂ ಹೆಸರುಗಳು ಹೆಚ್ಚು ಕಡಿಮೆ ಇವೇ. ಮೊದಲು ನಾಯ್ಸ್ (ರವೆ) ತೆಗೆಯಿರಿ, ಆಮೇಲೆ ಶಾರ್ಪನಿಂಗ್; ಕ್ರಮ ತಪ್ಪಿದರೆ ರವೆಯನ್ನೇ ಅಂಚೆಂದು ತಿಳಿದು ಅದನ್ನೂ ಹರಿತಗೊಳಿಸಿದಂತಾಗುತ್ತದೆ, ನಿಮ್ಮ ಆಕಾಶಕ್ಕೆ ಆಗಿರುವುದು ಅದೇ. ಶಾರ್ಪನಿಂಗ್‌ನ ಪೂರ್ವನಿಗದಿ ಅಂಕೆಗಳು ಅಮೌಂಟ್ 40, ರೇಡಿಯಸ್ 1.0, ಡೀಟೇಲ್ 25, ಮಾಸ್ಕಿಂಗ್ ಸೊನ್ನೆ. ಹಕ್ಕಿಯ ಗರಿಗಳು ಸಣ್ಣ ಗೆರೆಗಳಾದ್ದರಿಂದ ರೇಡಿಯಸ್ಸನ್ನು 0.7 ಅಥವಾ 0.8ಕ್ಕೆ ಇಳಿಸಿ, ಅಮೌಂಟನ್ನು 60ರ ಆಸುಪಾಸಿಗೆ ಏರಿಸಿ, ಡೀಟೇಲನ್ನು ಹೆಚ್ಚು ಮುಟ್ಟಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲರೂ ಸೊನ್ನೆಯಲ್ಲೇ ಬಿಟ್ಟುಬಿಡುವ ಮಾಸ್ಕಿಂಗ್. ಆಲ್ಟ್ ಕೀ ಒತ್ತಿಹಿಡಿದು ಅದರ ಗುಂಡಿಯನ್ನು ಬಲಕ್ಕೆ ಸರಿಸುತ್ತಾ ಹೋದರೆ ಚಿತ್ರ ಕಪ್ಪು ಬಿಳುಪಾಗಿ ಕಾಣಿಸುತ್ತದೆ. ಬಿಳಿ ಇರುವಲ್ಲಿ ಮಾತ್ರ ಶಾರ್ಪನಿಂಗ್ ನಡೆಯುತ್ತದೆ. ಆಕಾಶ ಪೂರ್ತಿ ಕಪ್ಪಾಗಿ, ಗರಿಗಳ ಗೆರೆ, ಕಣ್ಣು, ಕೊಕ್ಕು ಮಾತ್ರ ಬಿಳಿಯಾಗಿ ಉಳಿಯುವವರೆಗೆ ಸರಿಸಿ, ಸಾಮಾನ್ಯವಾಗಿ ಅದು 70ರ ಹತ್ತಿರ ನಿಲ್ಲುತ್ತದೆ. ನಿಮ್ಮ ಎರಡು ದೂರುಗಳಲ್ಲಿ ಒಂದು ಇಲ್ಲಿಗೇ ಮುಗಿಯುತ್ತದೆ. ಬೇಕೆನಿಸಿದರೆ ಹಕ್ಕಿಯ ತಲೆಯನ್ನಷ್ಟೇ ಆರಿಸಿ ಇನ್ನೊಂದು ಚೂರು ಕೊಡಬಹುದು, ರೆಕ್ಕೆಯ ಹೊರ ಅಂಚಿಗೆ ಬೇಡ.

ಹಣ ಖರ್ಚು ಮಾಡದೆ ಮಾಡಬೇಕೆನ್ನುವವರಿಗೆ ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಇವೆ. ರಾಥೆರಪಿಯಲ್ಲಿ ಡಿಕಾನ್ವಲ್ಯೂಷನ್ ಎಂಬ ಇನ್ನೊಂದು ದಾರಿಯಿದೆ. ಅದು ಅಂಚನ್ನು ಉತ್ಪ್ರೇಕ್ಷಿಸುವ ಬದಲು, ಒಂದು ಬಿಂದು ಹೇಗೆ ಹರಡಿಕೊಂಡಿತು ಎಂದು ಊಹಿಸಿ, ಆ ಹರಡುವಿಕೆಯನ್ನು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಅದರ ಹಿಂದಿರುವ ರಿಚರ್ಡ್‌ಸನ್–ಲೂಸಿ ವಿಧಾನ 1972 ಮತ್ತು 1974ರದ್ದು. 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷ ಕಂಡಾಗ, 1993ರ ದುರಸ್ತಿಯವರೆಗೆ ಅದರ ಚಿತ್ರಗಳನ್ನು ತಿದ್ದಲು ಖಗೋಳ ವಿಜ್ಞಾನಿಗಳು ಇದನ್ನೂ ಬಳಸಿದರು. ಅಲ್ಲಿ ಕೆಲಸ ನಡೆದದ್ದಕ್ಕೆ ಕಾರಣ ಕನ್ನಡಿಯ ದೋಷ ಸ್ಥಿರವಾಗಿತ್ತು, ಅಳೆಯಬಹುದಾಗಿತ್ತು. ನಿಮ್ಮ ಲೆನ್ಸಿನ ಸಣ್ಣ ಮೃದುತನವೂ ಸ್ಥಿರವಾದದ್ದೇ, ಆದ್ದರಿಂದ ಅದಕ್ಕೆ ಈ ವಿಧಾನ ಒಗ್ಗುತ್ತದೆ. ಕೈಯ ಎಳೆತವಾಗಲಿ ಬಿಸಿ ಗಾಳಿಯ ಅಲೆಯಾಗಲಿ ಪ್ರತಿ ಚಿತ್ರಕ್ಕೂ, ಒಂದೇ ಚಿತ್ರದ ಪ್ರತಿ ಮೂಲೆಗೂ ಬದಲಾಗುತ್ತದೆ, ಅದಕ್ಕೆ ಒಗ್ಗುವುದಿಲ್ಲ.

ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಇಲ್ಲೇ ಆಸೆ ಹುಟ್ಟಿಸುತ್ತವೆ. ನಾಯ್ಸ್ ತೆಗೆಯುವುದರಲ್ಲಿ ಅವು ನಿಜಕ್ಕೂ ಒಳ್ಳೆಯವು, ಐಎಸ್‌ಒ 3200ರ ಭಯವನ್ನು ಅವು ಹೋಗಲಾಡಿಸಿವೆ, ನಾನೂ ಬಳಸುತ್ತೇನೆ. ಮಸುಕಾದ ಚಿತ್ರವನ್ನು ಸ್ಫುಟಗೊಳಿಸುವಾಗ ಮಾತ್ರ ಅವು ಇರುವ ಗರಿಯನ್ನು ಹುಡುಕಿ ತೆಗೆಯುವುದಿಲ್ಲ, ಅಲ್ಲಿರಬಹುದಾದ ಗರಿಯನ್ನು ಬರೆಯುತ್ತವೆ. ಗೋಡೆಗೆ ಹಾಕುವ ಚಿತ್ರಕ್ಕೆ ಇದರಿಂದ ನಷ್ಟವಿಲ್ಲದಿರಬಹುದು. ಆದರೆ ಚಳಿಗಾಲದಲ್ಲಿ ನಮ್ಮ ಹುಲ್ಲುಗಾವಲುಗಳಿಗೆ ಬರುವ ಮಾಂಟೆಗು ಸೆಳೆವ ಮತ್ತು ಪ್ಯಾಲಿಡ್ ಸೆಳೆವಗಳ ಹೆಣ್ಣು ಹಾಗೂ ಮರಿಹಕ್ಕಿಗಳನ್ನು ಬೇರೆ ಮಾಡಿ ಗುರುತಿಸುವುದು ಕತ್ತಿನ ತಿಳಿ ಪಟ್ಟಿ, ರೆಕ್ಕೆಯಡಿಯ ಗೆರೆಗಳಂಥ ಸೂಕ್ಷ್ಮಗಳಿಂದ. ಯಂತ್ರ ಊಹಿಸಿ ಬರೆದ ಕತ್ತುಪಟ್ಟಿಯನ್ನು ನಂಬಿ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲೆ ಹಾಕಿದರೆ ಜಿಲ್ಲೆಯ ಹಕ್ಕಿಪಟ್ಟಿಯೇ ತಪ್ಪಾಗುತ್ತದೆ. ಅಂಥ ಚಿತ್ರವನ್ನು ಶಾರ್ಪನಿಂಗ್ ಇಲ್ಲದೆ, ಮಸುಕಾಗಿದ್ದಂತೆಯೇ ಸಲ್ಲಿಸಿ.

ಕೊನೆಯ ಹಂತದ ಶಾರ್ಪನಿಂಗ್ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಲಂಬಿಸಿದೆ. ಮೊಬೈಲ್ ಪರದೆಗೆಂದು ಅಗಲವನ್ನು 2048 ಪಿಕ್ಸೆಲ್‌ಗೆ ಇಳಿಸಿದಾಗ ಅಂಚುಗಳು ಮತ್ತೆ ತುಸು ಮೃದುವಾಗುತ್ತವೆ; ಇಳಿಸಿದ ಮೇಲೆ 0.3ರಷ್ಟು ಸಣ್ಣ ರೇಡಿಯಸ್ಸಿನಲ್ಲಿ ಒಂದು ಸಲ ಕೊಟ್ಟರೆ ಸಾಕು. ಮುದ್ರಣಕ್ಕೆ, ಉದಾಹರಣೆಗೆ 12 ಅಂಗುಲ ಅಗಲದ ಪ್ರತಿಗೆ 300 ಡಿಪಿಐ ಲೆಕ್ಕದಲ್ಲಿ 3600 ಪಿಕ್ಸೆಲ್ ಬೇಕು, ಮತ್ತು ಶಾಯಿ ಕಾಗದದಲ್ಲಿ ಹರಡುವುದರಿಂದ ಪರದೆಯ ಮೇಲೆ ಸ್ವಲ್ಪ ಹೆಚ್ಚಾಯಿತೆನಿಸುವಷ್ಟು ಶಾರ್ಪನಿಂಗ್ ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋಟೊ ಆಗಿ ಕಳುಹಿಸಿದ್ದರ ಮೇಲೆ ನಾವು ಪಟ್ಟ ಶ್ರಮವೆಲ್ಲ ಅದರ ಕುಗ್ಗಿಸುವಿಕೆಯಲ್ಲಿ ಹೋಗುತ್ತದೆ.

ಲೆನ್ಸ್ ಬದಲಿಸಬೇಕೆ ಎಂಬ ಪ್ರಶ್ನೆ ಉಳಿಯಿತು. ನೀವು ಕೊಟ್ಟ ವಿವರದಿಂದ ನೋಡಿದರೆ ಅಗತ್ಯವಿಲ್ಲ, ಆದರೂ ಸಂಶಯ ಉಳಿಸಿಕೊಳ್ಳಬೇಡಿ. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, 20 ಮೀಟರ್ ದೂರದ ಒಂದು ಕಲ್ಲಿನ ಗೋಡೆಯನ್ನು ಕಂಪನ ತಡೆ ಆರಿಸಿ, ಎರಡು ಸೆಕೆಂಡಿನ ಟೈಮರ್‌ನಲ್ಲಿ, ಎಫ್ 5.6 ಮತ್ತು ಎಫ್ 8ರಲ್ಲಿ ಚಿತ್ರ ತೆಗೆಯಿರಿ. ಅದೇ ಗೋಡೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಅದೇ ಜಾಗದಿಂದ ಮತ್ತೆ ತೆಗೆಯಿರಿ. ಬೆಳಗಿನ ಎರಡು ಚಿತ್ರಗಳೂ ಸ್ಫುಟವಾಗಿದ್ದರೆ ಲೆನ್ಸ್ ಸರಿಯಾಗಿದೆ. ಎಫ್ 8ರದ್ದು ಮಾತ್ರ ಎದ್ದು ಕಾಣುವಷ್ಟು ಚೆನ್ನಾಗಿದ್ದರೆ ಹಾರುವ ಹಕ್ಕಿಗೂ ಎಫ್ 7.1 ಅಥವಾ ಎಫ್ 8 ಇಟ್ಟು, ಐಎಸ್‌ಒ ಅಷ್ಟಕ್ಕೆ ಏರಿಸಿ. ಬೆಳಗಿನದು ಚೆನ್ನಾಗಿದ್ದು ಮಧ್ಯಾಹ್ನದ್ದು ಮಾತ್ರ ಕೆಟ್ಟಿದ್ದರೆ ಲೆನ್ಸ್ ಕೊಳ್ಳಲು ಇಟ್ಟ ಹಣವನ್ನು ಬೋನಾಳಕ್ಕೆ ನಸುಕಿನಲ್ಲೇ ತಲುಪುವ ಪೆಟ್ರೋಲಿಗೆ ಬಳಸಿ.